ನೀರು ಕೇಳಬೇಕಿದ್ದ ಕನಸು

ನನಗೆ ಕೆಟ್ಟ ಕನಸು ಬೀಳುವುದು ದೇವರ ಕೋಪದಿಂದ ಅಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕೇರಿಯಲ್ಲಿ ಇದಕ್ಕೆ ಬೇರೆ ಕಾರಣ ಕಂಡುಕೊಂಡವರು ಬಹಳ ಜನ ಇದ್ದಾರೆ. "ಕೇಳಬಾರದ್ದ ಕೇಳ್ದ, ಅದ್ಕೇ ಆ ಕನಸು ಅವ್ನಿಗೆ ಅತ್ಕತು" ಎಂದು ನನ್ನ ಎದುರಿಗೇ ಆಡುತ್ತಾರೆ. ಮೈಸೂರಿನ ಕಾಲೇಜಿನಲ್ಲಿ ನನ್ನ ಕೊಠಡಿಯಲ್ಲಿದ್ದ ಗೆಳೆಯನಿಗೆ ಇನ್ನೊಂದು ಕಾರಣ ಗೊತ್ತಿತ್ತು: ದೇವರು ದಿಂಡಿರು ಎಂದು ನಂಬುವವರಿಗೆ ಮಾತ್ರ ಇಂಥ ಕನಸು ಬೀಳುತ್ತದೆ, ನಂಬಿಕೆ ಬಿಟ್ಟರೆ ಕನಸೂ ಬಿಡುತ್ತದೆ. ನಾನು ಬಿಟ್ಟು ನೋಡಿದೆ. ಕನಸು ಬಿಡಲಿಲ್ಲ. ಆದ್ದರಿಂದ ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ನಮ್ಮ ಮನೆ ನರಸೀಪುರದಲ್ಲಿ, ಕಪಿಲೆ ಬಂದು ಕಾವೇರಿಗೆ ಸೇರುವ ಜಾಗದಿಂದ ಒಂದು ಕೂಗಳತೆ ದೂರ. ಬೇಸಾಯದ ಮನೆ. ಕೆಟ್ಟ ಕನಸು ಕಂಡವರು ಅದನ್ನು ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ಎದ್ದವರು ಮುಖ ತೊಳೆಯದೆ ಹೊಳೆಗೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತು, ಕಂಡದ್ದನ್ನು ಮೊದಲಿನಿಂದ ಕಡೆಯವರೆಗೆ ನೀರಿಗೆ ಹೇಳಬೇಕು. ಹರಿಯುವ ನೀರೇ ಆಗಬೇಕು. ಬಾವಿ, ಕೆರೆ ನಡೆಯದು. ಹೇಳಿ ಮುಗಿಯುವವರೆಗೆ ಕಾಲು ಕೀಳಬಾರದು. ನಡುವೆ ಯಾರೂ ಕರೆಯಬಾರದು; ಕರೆದರೆ ಉಳಿದ ಅರ್ಧ ಕನಸು ಕರೆದವರಿಗೆ ಹತ್ತುತ್ತದೆ. ನೀರಿಗಿಂತ ಮೊದಲು ಮನುಷ್ಯರು ಕೇಳಿಸಿಕೊಂಡರೆ ಇಡೀ ಕನಸೇ ಅವರ ಪಾಲು.

ಚಿಕ್ಕಂದಿನಲ್ಲಿ ನನಗೆ ಇದೊಂದು ಆಟ. ಹೋರಿ ಅಟ್ಟಿಸಿಕೊಂಡು ಬಂದ ಕನಸನ್ನು ಹೊಳೆಗೆ ಹೇಳಿ, ಒದ್ದೆ ಕಾಲಿನಲ್ಲೇ ಓಡಿಬಂದು ರೊಟ್ಟಿ ತಿಂದಿದ್ದೇನೆ.

ನನ್ನ ಅಕ್ಕನಿಗೆ ಅದು ಆಟವಾಗಿರಲಿಲ್ಲ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಬಿಳಿಗೆರೆಯ ಕಡೆಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಅವಳು ಗಂಡನ ಮನೆಗೆ ಹೋದ ಮೇಲೆ ಕನಸು ಶುರುವಾಯಿತು. ಒಂದೇ ಕನಸು, ವಾರದಲ್ಲಿ ಮೂರು ಸಲ, ನಾಲ್ಕು ಸಲ. ಚೀರಿಕೊಂಡು ಏಳುತ್ತಿದ್ದಳು. ಅವಳ ಅತ್ತೆ ಕೆಟ್ಟ ಹೆಂಗಸೇನಲ್ಲ, ಹೆದರಿದ ಹೆಂಗಸು. ಮನೆಯಲ್ಲಿ ಇನ್ನೊಬ್ಬ ಸೊಸೆ ಬಸುರಿ. ಹೇಳಿ ಕಳಿಸಿದಳು: "ಕಳೇದು ನಂಜುಂಡಪ್ಪನ ಸನ್ನಿದಿಲೇ ಕಳೀಲಿ. ಸೇವೆ ಮಾಡ್ಲಿ. ಅಪ್ಪಣೆ ಆದ್ಮೇಲೆ ಮನೆ ಒಸ್ಲು ತುಳೀಲಿ."

ಅಪ್ಪಣೆ ಎಂದರೆ ಇದು. ಕಾಯಿಲೆ, ಗಾಳಿ, ಮಕ್ಕಳಿಲ್ಲದ ಕೊರಗು, ಏನೇ ಇದ್ದವರು ನಂಜನಗೂಡಿಗೆ ಬಂದು ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ದೇವಸ್ಥಾನ ಸುತ್ತಿ, ಮಂಟಪದಲ್ಲಿ ಮಲಗುತ್ತಾರೆ. ಒಂದು ದಿನ ದೇವರು ಕನಸಿನಲ್ಲಿ ಬಂದು ಹೂವನ್ನೋ ವಿಭೂತಿಯನ್ನೋ ಹಣ್ಣನ್ನೋ ಕೊಟ್ಟು "ಸಾಕು, ಹೋಗು" ಎನ್ನಬೇಕು. ಆಮೇಲೆ ಊರಿಗೆ ಹೋಗಬಹುದು. ಅಂದರೆ, ಕೆಟ್ಟ ಕನಸಿನಿಂದ ಬಳಲುವವಳನ್ನು ಒಳ್ಳೆಯ ಕನಸು ಬೀಳಿಸಿಕೊಂಡು ಬಾ ಎಂದು ಕಳಿಸಿದ್ದರು. ಅವ್ವ ಅವಳ ಜೊತೆಗೆ ಹೋಗಿ ಮಂಟಪದಲ್ಲಿ ಒಲೆ ಹೂಡಿದಳು.

ನಾನು ರಜೆಯ ದಿನಗಳಲ್ಲಿ ಮೈಸೂರಿನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಆ ಮಂಟಪಕ್ಕೆ ಒಬ್ಬಳು ಮುದುಕಿ ಒಡತಿಯಂತಿದ್ದಳು. ಹೆಡತಲೆಯ ಕಡೆಯವಳು. ತನ್ನ ಮೈತೊನ್ನಿಗೆ ಸೇವೆ ಮಾಡಲು ಬಂದವಳು ಹನ್ನೆರಡು ವರ್ಷವಾದರೂ ಹೋಗಿರಲಿಲ್ಲ. ತನಗೆ ಬೀಳದ ಕನಸನ್ನು ಬೇರೆಯವರಿಗೆ ಬಿದ್ದಾಗ ವಿಚಾರಣೆ ಮಾಡುತ್ತಿದ್ದಳು. ಒಂದು ಭಾನುವಾರ ನಾನು ಹೋದಾಗ ಒಬ್ಬ ನಡುವಯಸ್ಸಿನ ಹೆಂಗಸು ಅವಳ ಮುಂದೆ ಕೂತಿದ್ದಳು.

"ಅಪ್ಪಣೆ ಆಯ್ತು ಕಣಜ್ಜಿ. ರಸಬಾಳೆ ಅಣ್ಣು ಕೊಟ್ಟಂಗಾಯ್ತು."

"ಎಷ್ಟು?"

"ಒಂದ್ ಚಿಪ್ಪು."

"ಒಂದ್ ಚಿಪ್ಪಾ! ನನ್ಗೆ ಅನ್ನೆರ್ಡು ವರ್ಸಕ್ಕೆ ಒಂದ್ ಸಿಪ್ಪೆ ಕೊಟ್ಟಿಲ್ಲ. ರಾಗಿ ಬಿತ್ತಾಕೆ ಒತ್ತಾಯ್ತು ಅಂತ ನಿನ್ ಗಂಡ ನೆನ್ನೆ ಬಂದು ಏಳೋಗಿದ್ದ, ಅಲ್ವೇನೇ?"

ಮಂಟಪವೆಲ್ಲ ನಕ್ಕಿತು. ಆ ಹೆಂಗಸೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಗಂಟು ಕಟ್ಟಿದಳು. ನಾನು ಅಕ್ಕನ ಪಕ್ಕಕ್ಕೆ ಸರಿದು, "ನೀನೂ ಹಂಗೇ ಹೇಳ್ಬಿಡಕ್ಕ" ಎಂದೆ.

"ದ್ಯಾವ್ರ ಅಂಗಳದಲ್ ಕುಂತ್ಕಂಡು ಸುಳ್ಳು ಯೋಳ್ಲಾ? ನಿಮ್ ಕಾಲೇಜಲ್ಲಿ ಇದೇ ಕಲಿಸ್ತಾರಾ?" ಎಂದಳು. ಆದರೆ ಅವಳ ಕಣ್ಣು ಗಂಟು ಹೊತ್ತು ಹೋಗುತ್ತಿದ್ದವಳ ಬೆನ್ನಿನ ಮೇಲೇ ಇತ್ತು. ಮಂಟಪಕ್ಕೆ ಬಂದ ಮೂವತ್ತು ದಿನದಲ್ಲಿ ಅಕ್ಕನ ಕೊರಳ ಮೂಳೆ ಎದ್ದು ಕಾಣುವಂತಾಗಿತ್ತು. ಒಳ್ಳೆಯ ಕನಸು ಬಿದ್ದೀತೆಂದು ಮಲಗುವುದು, ಅದೇ ಕನಸು ಕಂಡು ಏಳುವುದು, ಹೊಳೆಗೆ ಇಳಿಯುವುದು.

ಅದು ಆಷಾಢ. ನಂಜನಗೂಡಿನಲ್ಲಿ ಬರೀ ಮೋಡ, ಗಾಳಿ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಕ್ಕ ಯಾರ ಮುಖವನ್ನೂ ನೋಡದೆ ಹೊಳೆಯ ಕಡೆಗೆ ಹೊರಟಿದ್ದಳು. ಅವ್ವನ ಕಾಲು ಊದಿತ್ತು. ಒಣ ಸೀರೆಯನ್ನು ನನ್ನ ಹೆಗಲಿಗೆ ಹಾಕಿ, "ದೂರ ನಿಂತ್ಕೊ, ಕಿವಿಗ್ ಬೀಳ್ಬಾರ್ದು" ಎಂದು ಕಳಿಸಿದಳು. ಬಿಸಿಲು ಇನ್ನೂ ಮೆಟ್ಟಿಲಿಗೆ ಬಂದಿರಲಿಲ್ಲ, ಆದರೆ ಚೆನ್ನಾಗಿ ಬೆಳಕಾಗಿತ್ತು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತೆ. ಅಕ್ಕ ತಾಮ್ರದ ಚೊಂಬನ್ನು ಒಣ ಮೆಟ್ಟಿಲ ಮೇಲಿಟ್ಟು, ಅದರ ಕೆಳಗೆ ಮೂರು ಮೆಟ್ಟಿಲು ಇಳಿದು, ಮೊಣಕಾಲುದ್ದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತಳು. ತುಟಿ ಆಡುವುದು ಕಾಣುತ್ತಿತ್ತು.

ನೀರಿನ ಬಣ್ಣ ಹಿಂದಿನ ದಿನದಂತಿರಲಿಲ್ಲ. ಕೆಮ್ಮಣ್ಣು ಕದಡಿದಂತಿತ್ತು. ಮೇಲಿನ ಬೆಟ್ಟಗಳಲ್ಲಿ ಮಳೆ ಹೊಯ್ದರೆ ನಮ್ಮಲ್ಲಿ ಒಂದು ಹನಿ ಬೀಳದೆಯೂ ಕಪಿಲೆ ಏರುತ್ತಾಳೆಂಬುದು ಹೊಳೆಯ ದಡದಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಮೊದಲು ನೊರೆ ಬಂತು. ಹಿಂದೆಯೇ ಕಡ್ಡಿ, ಎಲೆ. ಆಮೇಲೆ ಬೇರು ಸಮೇತ ಒಂದು ಬಿದಿರು ತಿರುಗುತ್ತಾ ಹೋಯಿತು. ಚೊಂಬಿದ್ದ ಮೆಟ್ಟಿಲಿನ ಕೆಳಗಿನ ಮೆಟ್ಟಿಲು ಮುಳುಗಿತು.

ಕೂಗಬೇಕೆಂದು ಬಾಯಿ ತೆರೆದೆ. ಕೂಗಲಿಲ್ಲ.

ಆ ಹೊತ್ತಿನಲ್ಲಿ ನನಗೆ ನಾನೇ ಹೇಳಿಕೊಂಡ ಕಾರಣಗಳು ನೆನಪಿವೆ. ಇಷ್ಟರಲ್ಲೇ ಮುಗಿಸುತ್ತಾಳೆ. ಕಾಲಿಗೆ ನೀರು ಏರಿದ್ದು ಅವಳಿಗೇ ತಿಳಿಯುತ್ತದೆ. ಇನ್ನೊಂದು ಮೆಟ್ಟಿಲು ನೋಡೋಣ. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ತೆಗೆದುಕೊಂಡಿದ್ದವನು ನಾನು. ಕಾರಣ ಅದಾವುದೂ ಅಲ್ಲ. ನಡುವೆ ಕರೆದರೆ ಉಳಿದದ್ದು ಕರೆದವನಿಗೆ. ಕನಸು ಏನೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಕಂಡು ಎದ್ದ ಅಕ್ಕನ ಮುಖ ಗೊತ್ತಿತ್ತು. ಆ ಮುಖ ನನಗೆ ಬೇಡವಾಗಿತ್ತು.

ಚೊಂಬಿದ್ದ ಎರಡನೆಯ ಮೆಟ್ಟಿಲೂ ಮುಳುಗಿತು. ನೀರು ಅಕ್ಕನ ಸೊಂಟಕ್ಕೆ ಬಂದಿತ್ತು. ಅವಳ ಮೈ ಅತ್ತಿತ್ತ ತೂಗುತ್ತಿತ್ತು, ಕಾಲು ಕೀಳಲಿಲ್ಲ. ತಾಮ್ರದ ಚೊಂಬು ನಿಧಾನವಾಗಿ ಎದ್ದು, ಒಂದು ಸುತ್ತು ತಿರುಗಿ, ತೇಲಿಹೋಯಿತು.

ಆಗ ಮೇಲಿನಿಂದ ಹರಿಗೋಲನ್ನು ದಡಕ್ಕೆ ತರುತ್ತಿದ್ದ ಅಂಬಿಗ ಕೂಗಿದ. "ಏಯ್ ತಾಯಿ! ಮ್ಯಾಕ್ ಬಾ! ಒಳೆ ಬತ್ತಾ ಅದೆ!"

ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. ತಿರುಗಿದಳು, ಜಾರಿದಳು, ಕಾಣದಾದಳು. ನನ್ನ ಕಾಲು ಬಂದದ್ದು ಆವಾಗ. ಕೆಳಗೆ ಓಡಿ ಸೊಂಟದವರೆಗೆ ಇಳಿದು, ಹೆಗಲ ಮೇಲಿದ್ದ ಒಣ ಸೀರೆಯ ಒಂದು ತುದಿಯನ್ನು ಕೈಗೆ ಸುತ್ತಿಕೊಂಡು ಇನ್ನೊಂದನ್ನು ಬೀಸಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲ ಅವಳ ಕೈಗೆ ಸಿಕ್ಕಿತು. ಅಷ್ಟರಲ್ಲಿ ಅಂಬಿಗ ಹರಿಗೋಲನ್ನು ತಿರುಗಿಸಿ ತಂದು ಅವಳ ಜಡೆಗೆ ಕೈ ಹಾಕಿದ. ನಾನು ಎಳೆದೆ, ಅವನು ನೂಕಿದ. ಮೂವರೂ ಮೇಲಿನ ಮೆಟ್ಟಿಲಿಗೆ ಬಂದು ಬಿದ್ದೆವು. ಅಕ್ಕ ನೀರು ಕಾರಿದಳು, ಪಕ್ಕದ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಅಂಬಿಗ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ನೀವು ಓದ್ದೋರು ಕಾಣ್ತೀರಿ ಸಾ. ಬಾಯ್ಗೇನು ಬೀಗ ಆಕ್ಕಂಡಿದ್ರಾ?"

"ಕನಸು ಹೇಳ್ತಿದ್ಳು" ಎಂದೆ.

"ಗೊತ್ತು ಕಣ್ರೀ. ನಮ್ಮನೇಲೂ ಅದೇ ಸಾಸ್ತ್ರ. ಕೂಗಿದ್ದು ನಾನು, ಅತ್ಕಂಡ್ರೆ ನನ್ಗೆ ಅತ್ಕತದೆ. ಅತ್ಕಳ್ಳಿ ಬುಡಿ. ನಮ್ಮನೆಯವ್ಳು ಗೊರಕೆ ಒಡೆಯೋದ್ಕೆ ನನ್ಗೆ ನಿದ್ದೇನೇ ಬರಾಕಿಲ್ಲ, ಇನ್ನು ಕನಸೆಲ್ಲಿ ಬಂದಾತು?" ಎಂದು ಹರಿಗೋಲನ್ನು ದಡಕ್ಕೆ ಎಳೆದು ಕಟ್ಟಲು ಹೋದ.

ಅವನ ಮಾತನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವನೂ ನಂಬಿದ್ದ, ನನಗಿಂತ ಹೆಚ್ಚಾಗಿ. ನಂಬಿಯೂ ಕೂಗಿದ. ನಂಬಿಕೆಯೇ ಕನಸಿಗೆ ಮೂಲ ಎನ್ನುವ ಗೆಳೆಯನಿಗೆ ಈ ಅಂಬಿಗನನ್ನು ತೋರಿಸಬೇಕೆಂದು ನನಗೆ ಬಹಳ ಆಸೆ.

ಮಂಟಪಕ್ಕೆ ಬಂದೆವು. ಅವ್ವ ಅಕ್ಕನ ತಲೆ ಒರೆಸುತ್ತಾ ಅಳುತ್ತಿದ್ದಳು. ಮುದುಕಿ ಎಲ್ಲವನ್ನೂ ಕೇಳಿ, ಎಲೆಯಡಿಕೆ ಒಂದು ಕಡೆಗೆ ಒತ್ತಿಕೊಂಡು, "ಅಂಗಾರೆ ಅರ್ದಕ್ಕೇ ನಿಂತದೆ" ಎಂದಳು. "ಅರ್ದ ನಿಂತ ಕನಸು ಒಳ್ಳೇದಲ್ಲ. ನಾಳೀಕೆ ಓಗಿ ಮೊದ್ಲಿಂದ ಯೋಳ್ಬೇಕು."

ಅಕ್ಕ ತಲೆಯಾಡಿಸಿದಳು. ಆಗಲಿ, ಹೋಗುತ್ತೇನೆ ಎಂಬಂತೆ. ಮೆಟ್ಟಿಲುಗಳಲ್ಲಿ ಅರ್ಧ ಆಗಲೇ ನೀರೊಳಗಿದ್ದವು. ನಾಳೆಗೆ ಇನ್ನೆಷ್ಟೋ. ಆ ತಲೆಯಾಡಿಸಿದ್ದನ್ನು ಕಂಡಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಯಾರ ಮೇಲೆ ಎಂದು ಹೇಳಲಾರೆ. ನನ್ನ ಮೇಲೆಯೇ ಇದ್ದೀತು.

"ಹೊಳೆಗೆ ಹೋಗ್ಕೂಡ್ದು. ನನಗೆ ಹೇಳು" ಎಂದೆ.

"ನಿನ್ ಮ್ಯಾಲೆ ಬತ್ತದೆ ಕಣ್ಲಾ" ಎಂದಳು ಮುದುಕಿ.

"ಬರಲಿ."

"ಒಬ್ನೇ ತಮ್ಮ ನೀನು" ಎಂದಳು ಅಕ್ಕ. "ನೀರ್ಗೇ ಯೋಳ್ಬೇಕು. ಅರಿಯೋ ನೀರ್ಗೆ."

ಮುದುಕಿಯ ಪಕ್ಕದಲ್ಲಿ ಅವಳ ಕುಡಿಯುವ ನೀರಿನ ಚೊಂಬಿತ್ತು. ಅದನ್ನು ತೆಗೆದುಕೊಂಡು ಮಂಟಪದ ಅಂಚಿಗೆ ಹೋಗಿ ಕೂತು, ಕಲ್ಲಿನ ಮೇಲೆ ಸಣ್ಣಗೆ ಬಗ್ಗಿಸಿದೆ. ನೀರು ದಾರದಂತೆ ಇಳಿದು ಹಾಸುಗಲ್ಲಿನ ಸಂದಿಯಲ್ಲಿ ಹರಿಯತೊಡಗಿತು. "ಇಗೋ ಹರೀತಿದೆ. ಕಪಿಲೆ ನೀರೇ. ಹೇಳು."

"ಅಯ್ಯೋ ನನ್ ಕುಡಿಯೋ ನೀರು!" ಎಂದಳು ಮುದುಕಿ. ಆದರೆ ಇದಕ್ಕೆ ಅಡ್ಡಿ ಹೇಳುವ ಶಾಸ್ತ್ರ ಅವಳಿಗೂ ಗೊತ್ತಿರಲಿಲ್ಲ. ಎದ್ದು ಹೋಗಲೂ ಇಲ್ಲ. ನಾನಂತೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಅಕ್ಕ ಬಂದು ಕೂತಳು. ಕಣ್ಣು ನೀರಿನ ಎಳೆಯ ಮೇಲಿತ್ತು. ಹೇಳತೊಡಗಿದಳು.

ಬೆಣ್ಣೆಯ ಗಡಿಗೆ. ನಮ್ಮ ಮನೆಯ ಅಟ್ಟದ ಮೇಲಿನದು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ಅವಳಿಗೆ ಹಸಿವು. ಬಟ್ಟೆ ಸಡಿಲಿಸಿ ಕೈ ಹಾಕುತ್ತಾಳೆ. ಬೆಣ್ಣೆ ತಣ್ಣಗಿದೆ. ಕೈ ಇಳಿಯುತ್ತದೆ, ಮೊಣಕೈ ಇಳಿಯುತ್ತದೆ, ತಳ ಸಿಗುವುದಿಲ್ಲ. ಒಳಗಿನಿಂದ ಯಾರೋ ಅವಳ ಬೆರಳು ಹಿಡಿಯುತ್ತಾರೆ. ಹಿಡಿತ ಬಹಳ ಸಣ್ಣದು, ಹಸುಗೂಸಿನ ಹಿಡಿತ. ಎಳೆದುಕೊಳ್ಳಬೇಕು, ಎಳೆದರೆ ಅದು ಬಿಟ್ಟುಹೋಗುತ್ತದೆ.

ಚೊಂಬು ಖಾಲಿಯಾಯಿತು. ಕಲ್ಲಿನ ಮೇಲಿನ ನೀರು ನಿಂತಿತು. ಅಕ್ಕ ನಿಲ್ಲಿಸಲಿಲ್ಲ.

ಎಮ್ಮೆ ಕರು ಹಾಕಿದ ಮೇಲಿನ ಮೊದಲ ಬೆಣ್ಣೆಯೆಲ್ಲ ನಮ್ಮಲ್ಲಿ ದೇವರ ಮೀಸಲು. ಕಾಯಿಸಿ ತುಪ್ಪ ಮಾಡಿ ದೇವರ ದೀಪಕ್ಕೆ ಮುಟ್ಟಿಸುವವರೆಗೆ ಮನೆಯವರು ನಾಲಿಗೆಗೆ ತಾಗಿಸುವಂತಿಲ್ಲ. ಬಾಣಂತನಕ್ಕೆ ಬಂದಿದ್ದ ಅಕ್ಕ ಏಳು ತಿಂಗಳಿನಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಗದ್ದೆಯಲ್ಲಿದ್ದಾಗ, ಆ ಗಡಿಗೆಯಿಂದ ಒಂದು ನಿಂಬೆಹಣ್ಣಿನಷ್ಟು ತೆಗೆದು ತಿಂದಿದ್ದಳು. ಒಂದೇ ಸಲ. ಅದಕ್ಕೆ ಮಗು ಹೋಯಿತು ಎಂದು ಅವಳ ಲೆಕ್ಕ. ಎರಡು ವರ್ಷ ಇದನ್ನು ಹೊಳೆಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ನನಗೆ ನಗು ಬಂತು. ಕೆಟ್ಟ ನಗು, ಅಳುವಿನ ಪಕ್ಕದ್ದು. "ಅಕ್ಕ, ಆ ಗಡಿಗೆಯಿಂದ ನಾನು ವರ್ಷಾ ವರ್ಷಾ ತಿಂದಿದೀನಿ. ಹಿಡಿ ಹಿಡಿ. ಒಂದು ದಿನಾ ಇಂಥ ಕನಸು ಬಿದ್ದಿಲ್ಲ ನನಗೆ!"

ಅಕ್ಕ ನನ್ನ ಕಡೆ ತಿರುಗಿದಳು. "ನಿನ್ಗೆ ಯಾಕ್ಲಾ ಬಿದ್ದಾತು? ಯಮಪಟದೋನು ಬಂದಾಗ ನೀವ್ ಗಂಡ್ ಐಕ್ಳು ಅವ್ನ ಕತ್ತೆ ಬಾಲ ಎಳೀತಿದ್ರಿ. ಕೋಲಿಕ್ಕಿ ತೋರ್ಸುತಿದ್ದುದ್ದು ನಮ್ಗೆ."

ಹೌದು. ಬಟ್ಟೆಯ ಮೇಲೆ ಬರೆದ ನರಕವನ್ನು ಸುತ್ತಿಕೊಂಡು ಊರೂರಿಗೆ ಬರುತ್ತಿದ್ದ ಮನುಷ್ಯನೊಬ್ಬನಿದ್ದ. ಕಾದ ಕೊಪ್ಪರಿಗೆ, ಅದರೊಳಗೆ ಒಂದು ಹೆಂಗಸಿನ ಕೈ. ಮೀಸಲು ಮುಟ್ಟಿದವಳು. ಕೋಲಿನ ತುದಿಯನ್ನು ಅದರ ಮೇಲಿಟ್ಟು, ಮುಂದೆ ಕೂತ ಹೆಣ್ಣುಮಕ್ಕಳನ್ನು "ಇವ್ಳು ಯಾರು?" ಎಂದು ಕೇಳುತ್ತಿದ್ದ. "ನಾವಲ್ಲ, ನಾವಲ್ಲ" ಎಂದು ಅವರು ಒಟ್ಟಾಗಿ ಕೂಗಬೇಕು. ನನಗೆ ನೆನಪಿರುವುದು ಅವನ ಕತ್ತೆ ಮಾತ್ರ. ಒಂದೇ ದೇವರು, ಒಂದೇ ಗಡಿಗೆ, ಒಂದೇ ಬೆಣ್ಣೆ. ಕನಸು ಮಾತ್ರ ಒಬ್ಬಳಿಗೆ. ನಂಬಿಕೆಯಿಂದ ಕೆಟ್ಟ ಕನಸು ಬೀಳುತ್ತದೆಯೇ ಎಂದು ಕೇಳುವವರು ಮೊದಲು ಆ ಕೋಲನ್ನು ಯಾರ ಕಡೆಗೆ ಚಾಚಿದ್ದರು ಎಂದು ಕೇಳಲಿ.

ಅವ್ವ ಅಲ್ಲೇ ಇದ್ದಳು. ಅವಳ ಕೈಯಲ್ಲಿ ಒದ್ದೆ ಸೀರೆ ಹಾಗೇ ಇತ್ತು. "ಅಸ್ವಾಗಿದ್ರೆ ನನ್ನ ಕೇಳ್ಬಾರ್ದಾಗಿತ್ತೇನೇ, ಮಗ? ನಾನೇ ಕೊಡ್ತಿದ್ನಲ್ಲ."

"ಕೊಡ್ತಿದ್ಯವ್ವಾ?" ಎಂದಳು ಅಕ್ಕ.

ಅವ್ವ ಸೀರೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

ಮಾರನೆಯ ದಿನ ನಾವು ಸೇವೆ ಬಿಟ್ಟು ಹೊರಟೆವು. "ಅಪ್ಪಣೆ ಇಲ್ದೆ ಒಂಟ್ರಲ್ಲಾ" ಎಂದು ಮುದುಕಿ ಹಣೆ ಚಚ್ಚಿಕೊಂಡಳು. ಆಮೇಲೆ ಅಕ್ಕನ ಕೈಗೆ ಎರಡು ರಸಬಾಳೆ ಹಣ್ಣು ತುರುಕಿ, "ಎಚ್ಚರವಾಗೇ ಇದ್ದೀಯ, ತಿನ್ನು" ಎಂದಳು. ಬಿಳಿಗೆರೆಯ ಕಡೆಗೆ ಗಾಡಿ ಮಾಡಿಕೊಂಡು ನಾನೇ ಅಕ್ಕನನ್ನು ಕರೆದುಕೊಂಡು ಹೋದೆ. ಅವಳ ಅತ್ತೆ ಹೊಸಿಲಿಗೆ ಅಡ್ಡಲಾಗಿ ನಿಂತಿದ್ದಳು.

"ಅಪ್ಪಣೆ ಆಯ್ತೇನವ್ವ?"

"ಆಯ್ತು."

"ಕನಸಲ್ಲಿ ಏನ್ ಕೊಟ್ಟಂಗಾಯ್ತು?"

"ಕನಸಲ್ಲಲ್ಲ ಅತ್ತೆ. ಎಚ್ಚರದಲ್ಲೇ ಆಯ್ತು. ಬಾಳೆಅಣ್ಣು" ಎಂದು ಅಕ್ಕ ಉಳಿದಿದ್ದ ಒಂದು ಹಣ್ಣನ್ನು ಸೆರಗಿನಿಂದ ಬಿಚ್ಚಿ ಕೈಗಿತ್ತಳು. ಅದನ್ನು ತಳ್ಳುವ ಧೈರ್ಯ ಆ ಹೆಂಗಸಿಗೆ ಬರಲಿಲ್ಲ. ಪಕ್ಕಕ್ಕೆ ಸರಿದಳು.

ಅಕ್ಕನ ಕನಸು ಒಂದೇ ದಿನಕ್ಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಆಗೊಮ್ಮೆ ಈಗೊಮ್ಮೆ ಬೀಳುತ್ತದೆಯಂತೆ. ಬಿದ್ದರೆ ಬೆಳಿಗ್ಗೆ ಎದುರಿಗೆ ಸಿಕ್ಕವರಿಗೆ ಹೇಳುತ್ತಾಳೆ, ಓರಗಿತ್ತಿಗೆ, ಗಂಡನಿಗೆ, ಯಾರೂ ಇಲ್ಲದಿದ್ದರೆ ಎಮ್ಮೆಗೆ. ಯಾರಿಗೂ ಹತ್ತಿಲ್ಲ. ನನಗೆ ಹತ್ತಿತು ಎನ್ನುತ್ತಾರೆ. ನನ್ನ ಕನಸಿನಲ್ಲಿ ಗಡಿಗೆ ಇಲ್ಲ. ಮೆಟ್ಟಿಲಿದೆ. ಒಂದು ಮುಳುಗುತ್ತದೆ. ಇನ್ನೊಂದು ಮುಳುಗುತ್ತದೆ. ಚೊಂಬು ಏಳುತ್ತದೆ. ನನ್ನ ಬಾಯಿ ತೆರೆದೇ ಇದೆ.

ಇದನ್ನು ಬಹಳ ಕಾಲ ನಾನು ಅಕ್ಕನಿಂದ ಮುಚ್ಚಿಟ್ಟೆ. ನನಗೆ ನೀರು ಏರಿದ್ದು ಕಂಡಿರಲಿಲ್ಲವೆಂದೇ ಅವಳು ತಿಳಿದಿದ್ದಳು. ಹೋದ ವರ್ಷ ಅವಳು ಮತ್ತೆ ಬಸುರಿಯಾಗಿ ನರಸೀಪುರಕ್ಕೆ ಬಂದಾಗ ಎಮ್ಮೆ ಕರು ಹಾಕಿತ್ತು. ಅವ್ವ ಮೊದಲ ಬೆಣ್ಣೆ ತೆಗೆದಳು. ಗಡಿಗೆಗೆ ಹಾಕಲಿಲ್ಲ, ಬಿಸಿ ರಾಗಿರೊಟ್ಟಿಯ ಮೇಲೆ ಇಡೀ ಮುದ್ದೆಯನ್ನಿಟ್ಟು ಅಕ್ಕನ ಮುಂದೆ ತಳ್ಳಿದಳು. "ದ್ಯಾವ್ರು ಕಾಯ್ಲಿ. ಅವ್ನೇನು ಬಸುರಿಯಾ?" ಎಂದು ದನದ ಕೊಟ್ಟಿಗೆಗೆ ಹೋದಳು. ಅಕ್ಕ ರೊಟ್ಟಿ ಮುರಿದು ನನಗೂ ಅರ್ಧ ಕೊಟ್ಟಳು. ಬೆಣ್ಣೆ ಕರಗುತ್ತಿತ್ತು. ಆ ಹೊತ್ತಿನಲ್ಲಿ ನಾನು ಹೇಳಿದೆ. ನೋಡಿದ್ದೆ, ಕೂಗಲಿಲ್ಲ ಎಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಎಷ್ಟು ಮೆಟ್ಲು?"

"ಎರಡು."

"ಅಂಬಿಗ ಕೂಗ್ದೆ ಇದ್ದಿದ್ರೆ? ಮೂರ್ನೇದಕ್ಕೆ ಕೂಗ್ತಿದ್ಯಾ?"

ಅಂದು ಅವ್ವ ಸೀರೆ ಹಿಂಡಿದ್ದು ನನಗೆ ನೆನಪಾಯಿತು. ನನ್ನ ಕೈಯಲ್ಲಿ ಹಿಂಡಲು ಏನೂ ಇರಲಿಲ್ಲ. "ಗೊತ್ತಿಲ್ಲಕ್ಕ" ಎಂದೆ.

ಅಕ್ಕ ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ರೊಟ್ಟಿ ತಿಂದು ಮುಗಿಸಿ ಕೈ ತೊಳೆದುಕೊಂಡು ಬಂದು, "ಇನ್ನೊಂದ್ ಸಲ ಯೋಳು" ಎಂದಳು. "ಮೊದ್ಲಿಂದ ಯೋಳು. ಈಗ ಕೂಗಿ ಯೋಳು."

ಕೂಗಿಯೇ ಹೇಳಿದೆ. ಕೊಟ್ಟಿಗೆಯಲ್ಲಿದ್ದ ಅವ್ವನಿಗೂ ಕೇಳಿಸಿತು, ಬೇಲಿಯಾಚೆಯವರಿಗೂ ಕೇಳಿಸಿತು. ಈಗ ಇಲ್ಲಿಯೂ ಹೇಳಿದ್ದೇನೆ. ಕೇಳಿದವರಿಗೆ ಹತ್ತುತ್ತದೆ ಎಂದು ಹೆದರುವವರು ಓದದೆ ಬಿಡಬಹುದಿತ್ತು. ಹೊಳೆಗೆ ಮಾತ್ರ ನಾನು ಹೇಳುವುದಿಲ್ಲ.